ಒಂದು ರೊಟ್ಟಿಯ ಲೆಕ್ಕ: ಮೆಕ್ಸಿಕೊದ ಸ್ಥಳೀಯ ಉಪಾಹಾರಗೃಹದಲ್ಲಿ ಊಟ

ಮೆಕ್ಸಿಕೊ ನಗರದ ಸಾನ್ ರಫಾಯೆಲ್ ಬಡಾವಣೆಯಲ್ಲಿ ‘ಎಲ್ ಕಲಿಫಾ ದೆ ಲಿಯೋನ್’ ಎಂಬ ಟಾಕೊ ಅಂಗಡಿಯಿದೆ. 1968ರಲ್ಲಿ ಆರಂಭಗೊಂಡ ಈ ಅಂಗಡಿಯ ಅಡುಗೆ ಸ್ಥಳ ಸುಮಾರು ಹತ್ತಡಿ ಉದ್ದ, ಹತ್ತಡಿ ಅಗಲ. ದೊರೆಯುವುದು ನಾಲ್ಕೇ ಬಗೆಯ ಟಾಕೊ. ಗಿರಾಕಿಗಳು ರಸ್ತೆಬದಿಯಲ್ಲಿ ನಿಂತು ತಿನ್ನುತ್ತಾರೆ. 2024ರ ಮೇ ತಿಂಗಳಿನಲ್ಲಿ ಮಿಶೆಲಿನ್ ಮಾರ್ಗದರ್ಶಿಯು ಮೆಕ್ಸಿಕೊ ದೇಶದ ತನ್ನ ಮೊದಲ ಪಟ್ಟಿಯನ್ನು ಪ್ರಕಟಿಸಿದಾಗ 18 ಉಪಾಹಾರಗೃಹಗಳು ತಾರಾ ಮನ್ನಣೆ ಪಡೆದವು. ಅವುಗಳ ಪೈಕಿ ಈ ಪುಟ್ಟ ಅಂಗಡಿಯೂ ಒಂದು.

ಕುರ್ಚಿಯಿಲ್ಲ, ಅಲಂಕಾರವಿಲ್ಲ, ಪದಾರ್ಥಗಳ ದೊಡ್ಡ ಪಟ್ಟಿಯೂ ಇಲ್ಲ. ಹಾಗಾದರೆ ಗ್ರಾಹಕನು ಹಣ ತೆರುತ್ತಿರುವುದು ಯಾವುದಕ್ಕೆ? ಒಳ್ಳೆಯ ಮಾಂಸದ ತುಂಡೊಂದಕ್ಕೆ ಮತ್ತು ಆ ಕ್ಷಣದಲ್ಲಿಯೇ ಒತ್ತಿ, ಕಾವಲಿಯ ಮೇಲೆ ಬೇಯಿಸಿದ ಮೆಕ್ಕೆಜೋಳದ ತೆಳು ರೊಟ್ಟಿಗೆ. ಈ ರೊಟ್ಟಿಯ ಹೆಸರೇ ಟೋರ್ಟಿಯಾ. ಮೆಕ್ಸಿಕೊದ ನಿಜವಾದ ಸ್ಥಳೀಯ ಊಟದ ಗುಣವನ್ನೂ ವೆಚ್ಚವನ್ನೂ ಅಳೆಯಬೇಕಾದರೆ ಈ ರೊಟ್ಟಿಯಿಂದಲೇ ಆರಂಭಿಸಬೇಕು.

ಊಟದ ಕ್ರಮ

ಜನಸಾಮಾನ್ಯರು ನಿತ್ಯ ಊಟ ಮಾಡುವ ಚಿಕ್ಕ ಉಪಾಹಾರಗೃಹಕ್ಕೆ ಅಲ್ಲಿ ‘ಫೋಂಡಾ’ ಎನ್ನುತ್ತಾರೆ. ಬಹುಮಟ್ಟಿಗೆ ಇವು ಕುಟುಂಬವೊಂದು ನಡೆಸುವ ಉದ್ಯಮಗಳು. ದಿನದ ಮುಖ್ಯ ಭೋಜನದ ವೇಳೆ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ. ಆ ವೇಳೆಗೆ ನಿಗದಿತ ಬೆಲೆಗೆ ‘ಕೊಮಿದಾ ಕೊರ್ರಿದಾ’ ಎಂಬ ಊಟ ಸಿದ್ಧವಿರುತ್ತದೆ. ಮೊದಲು ಸಾರು, ಬಳಿಕ ಅನ್ನ ಅಥವಾ ಶಾವಿಗೆ, ಅನಂತರ ದಿನದ ಮುಖ್ಯ ವ್ಯಂಜನ, ಜೊತೆಗೆ ಬೇಯಿಸಿದ ಹುರುಳಿಕಾಯಿ ಬೀಜ ಮತ್ತು ಬಿಸಿ ಟೋರ್ಟಿಯಾ. ನಮ್ಮ ಹೋಟೆಲುಗಳ ‘ಊಟ’ದ ಪದ್ಧತಿಯನ್ನು ಬಲ್ಲವರಿಗೆ ಈ ವ್ಯವಸ್ಥೆಯನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಕುಡಿಯಲು ಹಣ್ಣಿನ ಅಥವಾ ಹೂವಿನ ಪಾನಕ ನೀಡುತ್ತಾರೆ. ಹುಣಸೆಯ ಪಾನಕವೂ ಅವುಗಳಲ್ಲೊಂದು. ‘ಹಮೈಕಾ’ ಎಂಬ ಕೆಂಪು ಪಾನಕವಂತೂ ಉತ್ತರ ಕರ್ನಾಟಕದವರು ಪಲ್ಯಕ್ಕೆ ಬಳಸುವ ಪುಂಡಿಯ ಜಾತಿಗೇ ಸೇರಿದ ಗಿಡದ್ದು.

ಸುಣ್ಣದ ನೀರಿನಲ್ಲಿ ಒಂದು ರಾತ್ರಿ

ಸಾಂಪ್ರದಾಯಿಕ ಟೋರ್ಟಿಯಾ ತಯಾರಿಕೆ ಹಿಂದಿನ ದಿನವೇ ಆರಂಭವಾಗುತ್ತದೆ. ಒಣಗಿದ ಮೆಕ್ಕೆಜೋಳವನ್ನು ಅಲ್ಪ ಪ್ರಮಾಣದ ಸುಣ್ಣ ಬೆರೆಸಿದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಹಾಗೆಯೇ ಬಿಡುತ್ತಾರೆ. ಬೆಳಿಗ್ಗೆ ತೊಳೆದು, ಸಡಿಲಗೊಂಡ ಸಿಪ್ಪೆಯನ್ನು ತೆಗೆದು, ಕಲ್ಲಿನಲ್ಲಿ ರುಬ್ಬಿ ಹಿಟ್ಟು ಮಾಡುತ್ತಾರೆ. ಹೀಗೆ ಸಂಸ್ಕರಿಸಿದ ಕಾಳಿಗೆ ‘ನಿಶ್ತಮಾಲ್’ ಎಂದು ಹೆಸರು. ಸುಣ್ಣದ ಸಂಸ್ಕಾರದಿಂದ ಹಿಟ್ಟಿಗೆ ಜಿಗುಟು ಬರುತ್ತದೆ, ಕ್ಯಾಲ್ಸಿಯಂ ಸೇರುತ್ತದೆ. ಕಾಳಿನಲ್ಲಿ ಬಂಧಿತವಾಗಿರುವ ನಿಯಾಸಿನ್ ಎಂಬ ಜೀವಸತ್ತ್ವವು ದೇಹಕ್ಕೆ ದಕ್ಕುವಂತಾಗುತ್ತದೆ. ಮೆಕ್ಕೆಜೋಳವನ್ನು ಕೊಂಡೊಯ್ದ ಯುರೋಪಿನವರು ಈ ವಿಧಾನವನ್ನು ಕೊಂಡೊಯ್ಯಲಿಲ್ಲ. ಅದನ್ನೇ ಮುಖ್ಯ ಆಹಾರವಾಗಿ ನೆಚ್ಚಿದ ಅಲ್ಲಿನ ಬಡವರಲ್ಲಿ ಪೆಲಾಗ್ರ ರೋಗ ಹರಡಿತು.

ಈ ವಿಧಾನಕ್ಕೆ ನೀರು, ಇಂಧನ, ಸ್ಥಳ, ಕೈಗೆಲಸ ಮತ್ತು ಒಂದು ರಾತ್ರಿಯ ಕಾಲ ಬೇಕು. ಇದಕ್ಕೆ ಪರ್ಯಾಯವಾಗಿ ನೀರು ಬೆರೆಸಿದೊಡನೆ ಸಿದ್ಧವಾಗುವ ಒಣ ಹಿಟ್ಟು ಮಾರುಕಟ್ಟೆಯಲ್ಲಿದೆ. 1949ರಲ್ಲಿ ನುಯೆವೊ ಲಿಯೋನ್ ರಾಜ್ಯದ ಸೆರ್ರಾಲ್ವೊ ಊರಿನಲ್ಲಿ ಆರಂಭವಾದ ಗ್ರೂಮಾ ಸಂಸ್ಥೆಯು ಈ ಹಿಟ್ಟಿನ ಬಲದಿಂದ ಜಾಗತಿಕ ಮಟ್ಟಕ್ಕೆ ಬೆಳೆಯಿತು. ಒಣ ಹಿಟ್ಟು ಟೋರ್ಟಿಯಾವನ್ನು ಸುಲಭವಾಗಿ ಎಲ್ಲೆಡೆಗೂ ತಲುಪಿಸಿತೆಂಬುದು ನಿಜ. ಪರಿಮಳ ಮತ್ತು ಮೃದುತ್ವಗಳಲ್ಲಿ ಅದು ನಿಶ್ತಮಾಲಿಗೆ ಸಾಟಿಯಾಗದೆಂಬ ಅನುಭವಿಗಳ ಮಾತೂ ನಿಜ. ಫೋಂಡಾದ ಮಾಲೀಕರು ಪ್ರತಿದಿನ ಎದುರಿಸುವ ಆಯ್ಕೆ ಇದೇ.

2007ರ ಪಾಠ

ರೊಟ್ಟಿಯ ಬೆಲೆ ಆ ದೇಶದಲ್ಲಿ ಎಷ್ಟು ಸೂಕ್ಷ್ಮ ವಿಷಯವೆಂಬುದು 2007ರ ಜನವರಿಯಲ್ಲಿ ಸ್ಪಷ್ಟವಾಯಿತು. ಅಮೆರಿಕದಲ್ಲಿ ಮೆಕ್ಕೆಜೋಳದಿಂದ ಎಥೆನಾಲ್ ತಯಾರಿಕೆ ಹೆಚ್ಚಿ, ಕಾಳಿನ ಅಂತರರಾಷ್ಟ್ರೀಯ ಬೆಲೆ ಏರಿತು. ಮೆಕ್ಸಿಕೊದಲ್ಲಿ ಟೋರ್ಟಿಯಾ ದರ ಜಿಗಿಯಿತು. ದಾಸ್ತಾನುಕೋರರ ಮೇಲೂ ಆರೋಪ ಕೇಳಿಬಂದಿತು. ಆ ತಿಂಗಳ 18ರಂದು ಸರ್ಕಾರವು ಉದ್ಯಮಗಳೊಂದಿಗೆ ಒಪ್ಪಂದ ಮಾಡಿಕೊಂಡು ಕಿಲೋಗ್ರಾಮಿಗೆ 8.50 ಪೆಸೊ ಮಿತಿಯನ್ನು ಪ್ರಕಟಿಸಿತು. ಆದಾಗ್ಯೂ ತಿಂಗಳಾಂತ್ಯದಲ್ಲಿ ಸಹಸ್ರಾರು ಜನರು ರಾಜಧಾನಿಯಲ್ಲಿ ಮೆರವಣಿಗೆ ನಡೆಸಿದರು. ನಿಗದಿತ ಬೆಲೆಯ ಊಟದೊಡನೆ ರೊಟ್ಟಿ ಬಡಿಸುವ ಚಿಕ್ಕ ಉಪಾಹಾರಗೃಹಗಳಿಗೆ ಇಂಥ ಏರಿಕೆಯು ನೇರವಾಗಿ ಲಾಭದ ಅಂಚಿಗೇ ತಗಲುವ ಪೆಟ್ಟು.

ಬಿಲ್ಲಿನ ಲೆಕ್ಕ

ತೆರಿಗೆಯ ದೃಷ್ಟಿಯಿಂದಲೂ ಈ ರೊಟ್ಟಿ ಕುತೂಹಲಕಾರಿಯಾಗಿದೆ. ಮೆಕ್ಸಿಕೊದಲ್ಲಿ ಮೌಲ್ಯವರ್ಧಿತ ತೆರಿಗೆಯ ಸಾಮಾನ್ಯ ದರವು 2010ರಿಂದ ಶೇಕಡ 16. ಟೋರ್ಟಿಯಾ ಅಂಗಡಿಯಿಂದ ಮನೆಗೆ ಒಯ್ದ ರೊಟ್ಟಿಗೆ ಶೂನ್ಯ ದರ; ಅದೇ ರೊಟ್ಟಿ ಉಪಾಹಾರಗೃಹದ ತಟ್ಟೆಗೆ ಬಂದರೆ ಶೇಕಡ 16. ಕಾಳು, ತರಕಾರಿ, ಮಾಂಸಗಳನ್ನು ಶೂನ್ಯ ದರದಲ್ಲಿಯೇ ಖರೀದಿಸುವುದರಿಂದ ಅವುಗಳ ಮೇಲೆ ಪಡೆಯಲು ಹೂಡುವಳಿ ತೆರಿಗೆ ಜಮೆಯಿಲ್ಲ. ಸಂಬಳಕ್ಕೂ ಜಮೆಯಿಲ್ಲ. ಎಂದರೆ, ಕೈಗೆಲಸ ಹೆಚ್ಚಿದಷ್ಟೂ, ಆ ವೆಚ್ಚ ಊಟದ ಬೆಲೆಗೆ ಸೇರಿದಷ್ಟೂ ತೆರಿಗೆಯೂ ಹೆಚ್ಚುತ್ತದೆ.

ಗ್ರಾಹಕನ ಕಡೆಯ ಲೆಕ್ಕವೂ ಉದಾರವಾಗಿಲ್ಲ. ಉಪಾಹಾರಗೃಹದಲ್ಲಿ ಮಾಡಿದ ವ್ಯವಹಾರ ಸಂಬಂಧಿ ವೆಚ್ಚದಲ್ಲಿ ಶೇಕಡ 8.5ನ್ನು ಮಾತ್ರ ಆದಾಯ ತೆರಿಗೆಯಲ್ಲಿ ಕಳೆಯಲು ಸಾಮಾನ್ಯವಾಗಿ ಅವಕಾಶವಿದೆ. ಅದೂ ಕಾರ್ಡಿನ ಮೂಲಕ ಪಾವತಿಸಿದಾಗ. ಫೋಂಡಾದಲ್ಲಿ ನಗದು ಕೊಟ್ಟು ಉಣ್ಣುವ ಗುಮಾಸ್ತ ಅಥವಾ ಕಾರ್ಮಿಕ ತನ್ನ ಸ್ವಂತ ಜೇಬಿನಿಂದಲೇ ಕೊಡುತ್ತಾನೆ. ಆದುದರಿಂದ ಮಾಲೀಕರು ಬೆಲೆ ಏರಿಸಲು ಹಿಂಜರಿಯುತ್ತಾರೆ.

ಪ್ರವಾಸಿಗಳು ಗಮನಿಸಬೇಕಾದ ಎರಡು ಅಂಶಗಳಿವೆ. ನಮೂದಿಸಿದ ಬೆಲೆಯಲ್ಲಿ ತೆರಿಗೆ ಸೇರಿರಬೇಕೆಂಬುದು ಕಾನೂನು. ಶೇಕಡ 10ರಿಂದ 15ರಷ್ಟು ಭಕ್ಷೀಸು ಕೊಡುವುದು ರೂಢಿ; ಅದು ಕಡ್ಡಾಯವಲ್ಲ.

ಸಸ್ಯಾಹಾರಿಗಳಿಗೆ

ಮಾಂಸವಿಲ್ಲದ ಪದಾರ್ಥವೆಲ್ಲವೂ ಅಲ್ಲಿ ಸಸ್ಯಾಹಾರವಲ್ಲ. ಹುರುಳಿಕಾಯಿ ಬೀಜವನ್ನು ಹಂದಿಯ ಕೊಬ್ಬಿನಲ್ಲಿ ಹುರಿಯುವುದುಂಟು. ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುವುದುಂಟು. ‘ಸಿನ್ ಕಾರ್ನೆ’ (ಮಾಂಸ ಬೇಡ), ‘ಸಿನ್ ಮಂತೇಕಾ’ (ಕೊಬ್ಬು ಬೇಡ) ಎಂಬ ಎರಡು ಮಾತುಗಳು ನೆರವಾಗುತ್ತವೆ. ಕುಂಬಳದ ಹೂವು, ಪಾಪಾಸುಕಳ್ಳಿಯ ಎಳೆಯ ಪಟ್ಟೆ, ಮೆಕ್ಕೆಜೋಳದ ತೆನೆಯ ಮೇಲೆ ಬೆಳೆಯುವ ಕಪ್ಪು ಶಿಲೀಂಧ್ರ ಇವೆಲ್ಲ ಟೋರ್ಟಿಯಾದೊಳಗೆ ಸೇರಿ ಸೊಗಸಾದ ಆಹಾರವಾಗುತ್ತವೆ.

ಅಪ್ಪಟ ಎಂಬುದರ ಅರ್ಥ

ಅಪ್ಪಟವೆಂದರೆ ಬದಲಾವಣೆಯೇ ಇಲ್ಲದ್ದೆಂದು ಭಾವಿಸಬಾರದು. ಕಂಬಿಗೆ ಚುಚ್ಚಿ ಸುಟ್ಟ ಮಾಂಸದ ಜನಪ್ರಿಯ ‘ಅಲ್ ಪಾಸ್ತೋರ್’ ಟಾಕೊದ ಮೂಲ ಲೆಬನಾನಿನ ವಲಸಿಗರು ತಂದ ಶವರ್ಮಾ ಪದ್ಧತಿಯಲ್ಲಿದೆ. ‘ಮೋಲೆ’ ಎಂಬ ಗಾಢ ಸಾರಿನಲ್ಲಿ ಸ್ಥಳೀಯ ಮೆಣಸಿನಕಾಯಿ, ಕೊಕೊಗಳೊಂದಿಗೆ ಹಡಗೇರಿ ಬಂದ ದಾಲ್ಚಿನ್ನಿ, ಲವಂಗ, ಎಳ್ಳುಗಳೂ ಬೆರೆತಿವೆ. ಹೊರಗಿನದನ್ನು ಸ್ವೀಕರಿಸಿಯೂ ಮೂಲ ವಿಧಾನವನ್ನು ಕೈಬಿಡದಿರುವುದೇ ಈ ಅಡುಗೆಯ ಬಲ. 2010ರಲ್ಲಿ ಯುನೆಸ್ಕೊ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಬೇಸಾಯ, ನಿಶ್ತಮಾಲ್ ವಿಧಾನ ಮತ್ತು ಸಮುದಾಯದ ಆಚರಣೆಗಳನ್ನು ಒಟ್ಟಾಗಿ ಪರಿಗಣಿಸಿತು.

ನಮ್ಮ ಉದ್ಯಮಿಗಳಿಗೆ

ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳ ಮತ್ತು ಅದೇ ಜಿಲ್ಲೆಯ ಬ್ಯಾಡಗಿಗೆ ಹೆಸರು ತಂದ ಮೆಣಸಿನಕಾಯಿ, ಇವೆರಡರ ಮೂಲ ನೆಲವೂ ಮೆಕ್ಸಿಕೊ. ಮೆಣಸಿನಕಾಯಿ ನಮ್ಮ ಅಡುಗೆಮನೆಯಲ್ಲಿ ಬೇರೂರಿತು. ಮೆಕ್ಕೆಜೋಳ ಹೆಚ್ಚಾಗಿ ಕೋಳಿ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ. ಅದನ್ನು ಊಟವಾಗಿಸುವ ಸುಣ್ಣದ ವಿಧಾನ ಮಾತ್ರ ಇಲ್ಲಿಗೆ ಬರಲಿಲ್ಲ.

ಕೈಯಿಂದ ಬಡಿದ ಜೋಳದ ರೊಟ್ಟಿಯನ್ನು ಬಡಿಸುವ ನಮ್ಮ ಖಾನಾವಳಿಗಳ ಮುಂದೆಯೂ ಫೋಂಡಾದ ಪ್ರಶ್ನೆಯೇ ಇದೆ. ರೊಟ್ಟಿ ಬಡಿಯುವ ಕೈಗಳಿಗೆ ತಕ್ಕ ಕೂಲಿ ದೊರೆಯಬೇಕಾದರೆ ಗ್ರಾಹಕನು ಅದಕ್ಕೆ ತಕ್ಕ ಬೆಲೆ ಕೊಡಲು ಸಿದ್ಧನಿರಬೇಕು. ನಾಲ್ಕೇ ಪದಾರ್ಥಗಳ ಆ ಹತ್ತಡಿಯ ಅಂಗಡಿ ಐದು ದಶಕಗಳಿಗೂ ಮೀರಿ ಉಳಿದಿರುವುದನ್ನು ಗಮನಿಸಿದರೆ, ಪದಾರ್ಥಗಳ ಪಟ್ಟಿಯನ್ನು ಹಿಗ್ಗಿಸುವ ಮುನ್ನ ಮುಖ್ಯ ಪದಾರ್ಥವೊಂದರ ನಿಜವಾದ ಅಡಕ ವೆಚ್ಚವನ್ನು ಲೆಕ್ಕಹಾಕಿ, ಅದನ್ನು ಕಾಪಾಡಿಕೊಳ್ಳುವುದೇ ಲಾಭಕರವೆಂದು ತೋರುತ್ತದೆ.