ಬೇಕಾದುದು ವಿದ್ಯುತ್ತೋ ನೀರೋ? ಪ್ರೊ. ಅಮೂಲ್ಯ ರೆಡ್ಡಿಯವರ ಸಂಶೋಧನೆ

ಸುರಪುರ, ಶಹಾಪುರ ಭಾಗಗಳಲ್ಲಿ ನಾರಾಯಣಪುರ ಎಡದಂಡೆ ಕಾಲುವೆ ಹರಿದಲ್ಲಿ ರೈತನಿಗೆ ಕರೆಂಟಿನ ಚಿಂತೆ ಅಷ್ಟಾಗಿ ಇಲ್ಲ. ಕಾಲುವೆ ಮುಟ್ಟದ ಹೊಲಗಳಲ್ಲಿ, ಯಾದಗಿರಿ ಕಡೆಯ ಕೊಳವೆ ಬಾವಿಗಳಲ್ಲಿ, ಭೀಮಾ ದಂಡೆಯ ಪಂಪುಗಳಲ್ಲಿ ಬೆಳೆಯೆಲ್ಲ ಅದನ್ನೇ ನಂಬಿದೆ. ಇಂತಹ ರೈತನಿಗೆ ಬೇಕಾದುದು ವಿದ್ಯುತ್ತೋ, ನೀರೋ? ಹುಡುಗಾಟದಂತೆ ಕಾಣುವ ಈ ಬಗೆಯ ಪ್ರಶ್ನೆಯನ್ನು ವಿದ್ಯುತ್ ಯೋಜನೆಗೆ ತಂದವರು ವಿಜ್ಞಾನಿ ಅಮೂಲ್ಯ ಕೆ. ಎನ್. ರೆಡ್ಡಿ (1930–2006).

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅವರದು ಮೂಲತಃ ವಿದ್ಯುತ್ ರಸಾಯನಶಾಸ್ತ್ರ. 1974ರಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕವನ್ನು ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಅಡಿಗೆಗೆಂದು ಮಾಡಿದ ಸಾಮೂಹಿಕ ಗೋಬರ್ ಅನಿಲದ ಪ್ರಯತ್ನ ಸಗಣಿ ಸಾಲದೆ ಕೈಕೊಟ್ಟಿತು. ಊರವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು! 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ನೀರು, ದೀಪ ಒದಗಿಸಲಾಯಿತು. ಕೊಳೆತ ಗೊಬ್ಬರ ರೈತರಿಗೇ ಮರಳುತ್ತಿತ್ತು. ಸೋತ ಕೆಲಸವೇ ಇಲ್ಲಿ ಪಾಠ ಕಲಿಸಿತೆನ್ನಬೇಕು.

ಅದೇ 1987ರಲ್ಲಿ ಸರ್ಕಾರಿ ಸಮಿತಿಯೊಂದು 2000ನೇ ಇಸವಿಗೆ ರಾಜ್ಯಕ್ಕೆ ಬೇಕಾಗುವ ವಿದ್ಯುತ್ತನ್ನು ಅಂದಾಜು ಮಾಡಿತ್ತು. ರೆಡ್ಡಿ ಮತ್ತು ಸಂಗಡಿಗರು ಪಂಪು, ದೀಪ, ಕಾರ್ಖಾನೆಗಳ ನಿಜವಾದ ಬಳಕೆಯಿಂದ ಲೆಕ್ಕ ಕಟ್ಟಿ, ಅದರ ಅರ್ಧಕ್ಕಿಂತ ಕಡಿಮೆ ಸಾಕೆಂದು 1991ರಲ್ಲಿ ಪ್ರಕಟಿಸಿದರು.

ಈ ಲೆಕ್ಕ ಪಂಪುಸೆಟ್ಟಿಗೆ ಹೇಗೆ ಅನ್ವಯಿಸುತ್ತದೆ? ನದಿಯಿಂದ ನೀರನ್ನು 10 ಮೀಟರ್ ಎತ್ತಬೇಕೆನ್ನಿ. ಸಣ್ಣ ಕೊಳವೆ, ಬಿಗಿ ಫುಟ್‌ವಾಲ್ವುಗಳ ಘರ್ಷಣೆ 4 ಮೀಟರಿಗೆ ಸಮನಾದರೆ ಪಂಪು 14 ಮೀಟರ್ ಎತ್ತಿದಂತಾಯಿತು. ಆ ನಾಲ್ಕು ಪಾಲು ಬರೀ ನಷ್ಟ.

ಈಗ ದರ ನಿಗದಿ 1999ರ ಕಾಯಿದೆಯಿಂದ ಬಂದ ವಿದ್ಯುತ್ ನಿಯಂತ್ರಣ ಆಯೋಗದ್ದು. 10 ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ ವಿದ್ಯುತ್ ಉಚಿತ. ಆ ಹಣವನ್ನು ಜೆಸ್ಕಾಂಗೆ ಸರ್ಕಾರ ತುಂಬಿಕೊಡಬೇಕು. ಪ್ರತಿ ಪಂಪಿಗೂ ಮೀಟರಿಲ್ಲದೆಡೆ ಬಳಕೆ ಅಂದಾಜಿನದೇ. ಬಿಲ್ಲು ಬಾರದ ರೈತ ಕೊಳವೆ ಬದಲಿಸುವ ಖರ್ಚು ತಾನೇಕೆ ಹೊರಬೇಕೆಂದು ಕೇಳಿದರೆ ತಪ್ಪೇನೂ ಇಲ್ಲ. ಆದರೆ ಕರೆಂಟು ಬರುವುದು ಕೆಲವೇ ಗಂಟೆ. ಘರ್ಷಣೆ ತಗ್ಗಿದರೆ ಅಷ್ಟೇ ಗಂಟೆಗಳಲ್ಲಿ ಹೆಚ್ಚು ನೀರು ಹೊಲ ಸೇರುತ್ತದೆ.