ನೂಲಿನಲ್ಲಿ ಅರಳಿದ ಹವಳದ ದಿಬ್ಬ

ಮೇಜಿನ ಹೊದಿಕೆ, ಮಗುವಿನ ಟೊಪ್ಪಿಗೆ, ಬಾಗಿಲ ತೋರಣ... ಕ್ರೋಶಾ ಕಡ್ಡಿ ಎಂದೊಡನೆ ನಮಗೆ ನೆನಪಾಗುವುದು ಇವೇ. ಆದರೆ ಅದೇ ಕಡ್ಡಿ ಹಿಡಿದು ಸಮುದ್ರದ ತಳವನ್ನೇ ಹೆಣೆದ ಅವಳಿ ಸಹೋದರಿಯರಿದ್ದಾರೆ. ಮಾರ್ಗರೆಟ್ ವರ್ತೈಮ್ ವಿಜ್ಞಾನ ಲೇಖಕಿ. ಕ್ರಿಸ್ಟೀನ್ ವರ್ತೈಮ್ ಕವಿ, ಕಲಾವಿದೆ.

ಇವರ ಹುಟ್ಟೂರು ಆಸ್ಟ್ರೇಲಿಯಾದ ಬ್ರಿಸ್ಬೇನ್. ಆ ರಾಜ್ಯದ ಕರಾವಳಿಯುದ್ದಕ್ಕೂ ಸುಮಾರು 2,300 ಕಿ.ಮೀ. ಚಾಚಿಕೊಂಡಿರುವುದೇ ಜಗತ್ಪ್ರಸಿದ್ಧ 'ಗ್ರೇಟ್ ಬ್ಯಾರಿಯರ್ ರೀಫ್'. ಹವಳಕ್ಕೆ ಬಣ್ಣವನ್ನೂ ಬಹುಪಾಲು ಆಹಾರವನ್ನೂ ಕೊಡುವುದು ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಬಿಸಿಯಾಗಿ ಹಲವು ವಾರ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ನೀರು ಬೇಗ ತಣಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 1998 ಮತ್ತು 2002ರಲ್ಲಿ ಅಲ್ಲಿ ವ್ಯಾಪಕವಾಗಿ ಹವಳ ಬಿಳಿಚಿತ್ತು. ಊರ ಸಮುದ್ರದ ಈ ಸಂಕಟಕ್ಕೆ ಉತ್ತರವಾಗಿ 2005ರಲ್ಲಿ ಸೋದರಿಯರು ಲಾಸ್ ಏಂಜಲೀಸ್‌ನ ತಮ್ಮ ಮನೆಯಲ್ಲಿ ನೂಲಿನ ಹವಳ ಹೆಣೆಯತೊಡಗಿದರು.

ಗಣಿತ ಕೊಟ್ಟ ನೆರಿಗೆ

ಈ ಹೆಣಿಗೆಯ ಬೇರು ಇರುವುದು ಗಣಿತದಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ, ಲಾಟ್ವಿಯಾ ಮೂಲದ ಡೈನಾ ಟೈಮಿನಾ, 'ಹೈಪರ್ಬೋಲಿಕ್' ಎಂಬ ಬಾಗಿದ ಮೇಲ್ಮೈಯನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಕೆಂದಿದ್ದರು. ಕಾಗದದ ಮಾದರಿಗಳು ಬೇಗ ಹರಿಯುತ್ತಿದ್ದವು. 1997ರಲ್ಲಿ ಅವರು ಕ್ರೋಶಾ ಕಡ್ಡಿ ಕೈಗೆತ್ತಿಕೊಂಡರು.

ಉಪಾಯ ಬಹಳ ಸರಳ. ಇಂತಿಷ್ಟು ಕುಣಿಕೆಗೆ ಒಂದರಂತೆ ಪ್ರತಿ ಸಾಲಿನಲ್ಲೂ ಹೆಚ್ಚುವರಿ ಕುಣಿಕೆ ಹಾಕುತ್ತಾ ಹೋಗಬೇಕು. ಅಂಚು ಹಿಗ್ಗಿ, ಜಾಗ ಸಾಲದೆ, ತಾನಾಗಿಯೇ ನೆರಿಗೆ ನೆರಿಗೆಯಾಗಿ ಮಡಿಚಿಕೊಳ್ಳುತ್ತದೆ. ನಮ್ಮ ಅಂಗಳದ ಕೋಳಿಜುಟ್ಟಿನ ಹೂವನ್ನು ನೆನಪಿಸಿಕೊಳ್ಳಿ. ಕೆಲವು ಹವಳ, ಕಡಲಪಾಚಿಗಳ ಅಂಚೂ ಹೀಗೆಯೇ. ಇದ್ದ ಜಾಗದಲ್ಲೇ ಹೆಚ್ಚು ಮೈ ಹರಡಲು ಪ್ರಕೃತಿ ಕಂಡುಕೊಂಡ ದಾರಿ ಇದು. ಸೋದರಿಯರು ಈ ಲೆಕ್ಕವನ್ನು ಬೇಕೆಂದೇ ತಪ್ಪಿಸಿ, ಒಮ್ಮೆ ಬಿಗಿ ಒಮ್ಮೆ ಸಡಿಲ ಮಾಡಿದಾಗ ನೂಲಿಗೆ ಜೀವಕಳೆ ಬಂತು.

ಬನ್ನಿ, ಹೆಣೆಯೋಣ

ಆದರೆ ನಾಲ್ಕು ಕೈಗಳಿಂದ ಎಷ್ಟು ದಿಬ್ಬ ಕಟ್ಟಲಾದೀತು? ಕಡ್ಡಿ ಹಿಡಿಯಬಲ್ಲ ಎಲ್ಲರಿಗೂ ಅವರು ಕರೆಕೊಟ್ಟರು. 2007ರಲ್ಲಿ ಷಿಕಾಗೋದ ಜನ ತಮ್ಮದೇ ದಿಬ್ಬ ಹೆಣೆದರು. ನಂತರ ಲಂಡನ್ ಸೇರಿದಂತೆ ಊರೂರಿನಲ್ಲಿ ಇಂಥ 'ಉಪಗ್ರಹ ದಿಬ್ಬ'ಗಳು ತಲೆಯೆತ್ತಿದವು. ಸ್ಥಳೀಯ ಸಂಗ್ರಹಾಲಯವೋ ಸಂಘವೋ ಹೊಣೆ ಹೊರುತ್ತದೆ. ಹೆಣೆಯಲು ಬಾರದವರಿಗೆ ಕಲಿಸುತ್ತದೆ. ಜರ್ಮನಿಯ ಬಾಡೆನ್-ಬಾಡೆನ್‌ನಲ್ಲಿ 2022ರಲ್ಲಿ ನಡೆದ ಪ್ರದರ್ಶನಕ್ಕೆ ಸುಮಾರು 4,000 ಮಂದಿ ಹೆಣೆದ 40,000ಕ್ಕೂ ಹೆಚ್ಚು ಹವಳಗಳು ಬಂದವು! ಹೆಣೆದವರಲ್ಲಿ ಬಹುತೇಕರು ಮಹಿಳೆಯರು. 'ಹೆಂಗಸರ ಹೊತ್ತುಗಳೆಯುವ ಕೆಲಸ' ಎನಿಸಿಕೊಂಡದ್ದು 2019ರಲ್ಲಿ ವೆನಿಸ್‌ನ ದ್ವೈವಾರ್ಷಿಕ ಕಲಾಪ್ರದರ್ಶನಕ್ಕೂ ಹೋಯಿತು. ಭಾಗವಹಿಸಿದವರ ಹೆಸರುಗಳನ್ನೂ ಪ್ರದರ್ಶಿಸುವುದು ಈ ಯೋಜನೆಯ ರೂಢಿ.

ಎಲ್ಲವೂ ಬಣ್ಣದ ವೈಭವವಲ್ಲ. ಬಿಳಿಚಿದ ಹವಳಕ್ಕೇ ಒಂದು ದಿಬ್ಬ ಮೀಸಲು. ಇನ್ನೊಂದು ಪ್ಲಾಸ್ಟಿಕ್ ಚೀಲಗಳನ್ನು ಕತ್ತರಿಸಿ ಹೆಣೆದ 'ವಿಷದ ದಿಬ್ಬ'. 2007ರಿಂದ ನಾಲ್ಕು ವರ್ಷ ತಮ್ಮ ಮನೆಯ ಪ್ಲಾಸ್ಟಿಕ್ ಕಸವನ್ನೆಲ್ಲ ಕೂಡಿಟ್ಟು ಸೋದರಿಯರು ಅದನ್ನೂ ಕಲಾಕೃತಿಯಾಗಿಸಿದರು.

ಹೆಣಿಗೆಯಿಂದ ಸಮುದ್ರ ತಣಿಯುವುದೇ? ಖಂಡಿತ ಇಲ್ಲ. ಗ್ರೇಟ್ ಬ್ಯಾರಿಯರ್ ರೀಫ್ 2016, 2017, 2020, 2022 ಮತ್ತು 2024ರಲ್ಲೂ ಬಿಳಿಚಿತು. ಆದರೆ ವಾರಗಟ್ಟಲೆ ಕೂತು ಒಂದು ಹವಳ ಹೆಣೆದವರಿಗೆ ಆ ಸುದ್ದಿ ದೂರದ್ದೆನಿಸದು. ನಮ್ಮ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸಾಸಿವೆಯಷ್ಟು ಸಣ್ಣ ಜೀವಿಗಳು ಒಂದಕ್ಕೊಂದು ಅಂಟಿಕೊಂಡೇ ಅಷ್ಟು ದೊಡ್ಡ ದಿಬ್ಬ ಕಟ್ಟುತ್ತವೆ. ಕಡ್ಡಿ ಹಿಡಿದ ಸಾವಿರಾರು ಕೈಗಳು ಮಾಡಿದ್ದೂ ಅದನ್ನೇ.