ನಾಚಿಕೆಗೆ ಮರ್ಯಾದೆ ಕೊಡಿ, ಪರೀಕ್ಷೆ ತಪ್ಪಿಸಬೇಡಿ

"ಮುಟ್ಟೇ ನಿಂತೋಯ್ತಲ್ಲ ಸಿಸ್ಟರ್, ಇನ್ನೇನು ಪರೀಕ್ಷೆ?"

"ಮನೆಯೋರು ತೀರ್ಕೊಂಡು ಹತ್ತು ವರ್ಷ ಆಯ್ತು. ನಂಗ್ಯಾಕೆ ಅದೆಲ್ಲ?"

"ಮೊಮ್ಮಕ್ಕಳ ಮದುವೆ ಮಾಡೋ ವಯಸ್ಸಲ್ಲಿ ಹಂಗೆಲ್ಲ ಮಲಗೋಕೆ ಆಯ್ತದಾ?"

ಹಾಸನ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಐವತ್ತು ದಾಟಿದ ಹೆಂಗಸರ ಬಾಯಲ್ಲಿ ಈ ಮಾತುಗಳನ್ನು ಕೇಳುತ್ತಲೇ ನನ್ನ ಸರ್ವೀಸು ಕಳೆಯಿತು. ಬಿ.ಪಿ. ನೋಡುತ್ತೇನೆಂದರೆ ತಾವಾಗಿ ತೋಳು ಚಾಚುತ್ತಿದ್ದರು, ಶುಗರ್ ಟೆಸ್ಟಿಗೆ ಬೆರಳು ಕೊಡುತ್ತಿದ್ದರು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಎಂದ ಕೂಡಲೇ ಸೆರಗು ಬಿಗಿಮಾಡಿಕೊಂಡು ಬೆಂಚಿನಿಂದ ಎದ್ದುಬಿಡುತ್ತಿದ್ದರು.

ಅವರಿಗೆ "ನಾಚಿಕೆ ಬಿಡಿ" ಎಂದು ಬುದ್ಧಿ ಹೇಳುವುದು ಸುಲಭ. ಆದರೆ ಹಾಗೆ ಹೇಳಿಸಿಕೊಂಡು ನಾಚಿಕೆ ಬಿಟ್ಟವರನ್ನು ನಾನು ಕಂಡಿಲ್ಲ. ಅರವತ್ತು ವರ್ಷ ಮೈಮುಚ್ಚಿಕೊಂಡು ಮಾನದಿಂದ ಬದುಕಿದ ಹೆಂಗಸಿಗೆ ಗುರುತಿಲ್ಲದವರ ಮುಂದೆ ಕಾಲು ಮಡಿಸಿ ಮಲಗುವುದು ಕಷ್ಟವೇ. ಆ ನಾಚಿಕೆಯನ್ನು ಹಳಿಯದೆ, ಅದಕ್ಕೆ ಬೇಕಾದ ಮರೆ, ಮಾತು, ಸಮಯ ಕೊಟ್ಟರೆ ಆಕೆ ಪರೀಕ್ಷೆಗೆ ಒಪ್ಪುತ್ತಾಳೆ. ನಾನು ಕೆಲಸದಲ್ಲಿ ಕಲಿತ ಸತ್ಯ ಇದು. ಇದನ್ನು ಹೆಂಗಸರಿಗಷ್ಟೇ ಅಲ್ಲ, ಅವರ ಮನೆಯವರಿಗೂ ಆಸ್ಪತ್ರೆಯವರಿಗೂ ಹೇಳಬೇಕಾಗಿದೆ.

ಏಕೆಂದರೆ ಬರದೆ ಉಳಿದವರ ಲೆಕ್ಕ ದೊಡ್ಡದು. ನಮ್ಮ ದೇಶದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಚ್ಚಾಗಿ ಕಾಣುವುದು ಗರ್ಭಕೋಶದ ಬಾಯಿಯ, ಅಂದರೆ ಗರ್ಭಕಂಠದ ಕ್ಯಾನ್ಸರ್. 2022ರ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ರೋಗ ಬಂತು, ಹತ್ತಿರ ಹತ್ತಿರ 80 ಸಾವಿರ ಮಂದಿ ಸತ್ತರು. ಇಷ್ಟಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49ರ ವಯಸ್ಸಿನವರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಆ ವಯಸ್ಸಿನಲ್ಲಿ ತಪ್ಪಿಸಿಕೊಂಡವರೇ ಮುಂದೆ ಐವತ್ತು, ಅರವತ್ತಕ್ಕೆ ಕಾಲಿಡುವಾಗಲೂ ಪರೀಕ್ಷೆ ಕಾಣದೆ ಉಳಿಯುತ್ತಾರೆ.

ಮುಟ್ಟು ನಿಂತರೂ ಅಪಾಯ ನಿಲ್ಲುವುದಿಲ್ಲ

ಈ ಕ್ಯಾನ್ಸರಿಗೆ ಬಹುಪಾಲು ಕಾರಣ ಎಚ್‌ಪಿವಿ ಎಂಬ ವೈರಸ್. ಜರ್ಮನಿಯ ವಿಜ್ಞಾನಿ ಹರಾಲ್ಡ್ ಜುರ್ ಹೌಸೆನ್ ಈ ನಂಟನ್ನು ಕಂಡುಹಿಡಿದು, ಅದಕ್ಕಾಗಿ 2008ರಲ್ಲಿ ನೊಬೆಲ್ ಪಡೆದರು. ವೈರಸ್ಸಿನಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ 16 ಮತ್ತು 18ನೇ ಬಗೆಗಳೇ ನೂರಕ್ಕೆ ಎಪ್ಪತ್ತರಷ್ಟು ಗರ್ಭಕಂಠದ ಕ್ಯಾನ್ಸರಿಗೆ ಕಾರಣ.

ಗಂಡ ಹೆಂಡಿರ ಕೂಡುವಿಕೆಯಿಂದ ಬರುವ ಸೋಂಕು ಎಂದ ಕೂಡಲೇ ನಡತೆಯ ಮಾತು ಬರುತ್ತದೆ. ಅದು ಬರಬಾರದು. ಸಂಸಾರ ಮಾಡಿದ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಬದುಕಿನ ಯಾವುದೋ ಘಟ್ಟದಲ್ಲಿ ಈ ವೈರಸ್ ತಗಲಿಯೇ ಇರುತ್ತದೆ. ಕೈಹಿಡಿದ ಗಂಡನೊಬ್ಬನನ್ನು ಬಿಟ್ಟು ಬೇರೆಯವರನ್ನು ಅರಿಯದ ಹೆಂಗಸಿಗೂ ಬರಬಹುದು. ಬಹಳ ಮಂದಿಯಲ್ಲಿ ಒಂದೆರಡು ವರ್ಷಗಳಲ್ಲಿ ಮೈಯೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಕೊಂಡು ಗರ್ಭಕಂಠದ ಜೀವಕೋಶಗಳನ್ನು ನಿಧಾನವಾಗಿ ಕೆಡಿಸುತ್ತದೆ. ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ.

"ಮನೆಯೋರು ತೀರ್ಕೊಂಡು ಹತ್ತು ವರ್ಷ ಆಯ್ತು" ಎಂಬ ಮಾತಿಗೆ ಉತ್ತರ ಇಲ್ಲೇ ಇದೆ. ಮೂವತ್ತೈದರಲ್ಲೋ ನಲವತ್ತರಲ್ಲೋ ಸೇರಿಕೊಂಡ ಸೋಂಕು ಐವತ್ತೈದರಲ್ಲಿ, ಅರವತ್ತರಲ್ಲಿ ರೋಗವಾಗಿ ತೋರಬಹುದು. ಗಂಡ ಇಲ್ಲದಿರುವುದು, ಮುಟ್ಟು ನಿಂತಿರುವುದು ಇದಕ್ಕೆ ರಕ್ಷಣೆಯಲ್ಲ.

"ನಂಗೆ ಆಪರೇಷನ್ ಆಗೈತೆ" ಎನ್ನುವವರೂ ಬಹಳ. ಮಕ್ಕಳಾಗದಂತೆ ಮಾಡಿಸಿದ ಆಪರೇಷನ್ನಿಗೂ ಇದಕ್ಕೂ ಸಂಬಂಧವಿಲ್ಲ. ಅಂಥವರಿಗೆ ತಪಾಸಣೆ ಬೇಕೇ ಬೇಕು. ಬೇರೆ ತೊಂದರೆಗೆಂದು ಗರ್ಭಕೋಶವನ್ನು ಬಾಯಿಸಮೇತ ತೆಗೆದಿದ್ದು, ಹಿಂದೆ ಯಾವ ದೋಷವೂ ಕಂಡಿರದಿದ್ದರೆ ಸಾಮಾನ್ಯವಾಗಿ ಬೇಕಿಲ್ಲ. ಕೆಲವೊಮ್ಮೆ ಗರ್ಭಕೋಶ ತೆಗೆದು ಬಾಯಿಯ ಭಾಗವನ್ನು ಉಳಿಸಿರುತ್ತಾರೆ. ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಡಾಕ್ಟರಿಗೆ ತೋರಿಸಿದರೆ ತಿಳಿಯುತ್ತದೆ.

ಪರದೆಯ ಒಳಗೆ ನಡೆಯುವುದು

ಅರಸೀಕೆರೆ ಕಡೆಯಿಂದ ಬಂದಿದ್ದ ಒಬ್ಬ ತಾಯಿ ನನಗೆ ಚೆನ್ನಾಗಿ ನೆನಪಿದ್ದಾರೆ. ಅರವತ್ತು ದಾಟಿದ್ದರು. ಮಂಡಿನೋವಿನ ಮಾತ್ರೆಗೆ ಬಂದವರನ್ನು ಲೇಡಿ ಡಾಕ್ಟರು ಒಳಪರೀಕ್ಷೆಗೂ ಕಳಿಸಿದ್ದರು. ಬಾಗಿಲ ಬಳಿಯೇ ನಿಂತರು, ಒಳಗೆ ಬರಲಿಲ್ಲ.

"ಸೀರೆ ಬಿಚ್ಬೇಕಾ?"

"ಬೇಡ ಅವ್ವ. ಮೇಲಕ್ಕೆ ಸರಿಸಿಕೊಂಡರೆ ಸಾಕು. ಮೇಲೆ ದುಪ್ಪಟಿ ಹೊದಿಸ್ತೀನಿ."

"ಯಾರಾದ್ರೂ ಬಂದ್ರೆ?"

ಚಿಲಕ ಹಾಕಿ ತೋರಿಸಿದೆ. ನಾನು, ಡಾಕ್ಟರಮ್ಮ ಇಬ್ಬರೇ ಎಂದೆ. ಆಮೇಲೆ ಸ್ಪೆಕ್ಯುಲಮ್ಮನ್ನು ಅವರ ಕೈಗೇ ಕೊಟ್ಟೆ. ಬಾತುಕೋಳಿಯ ಕೊಕ್ಕಿನ ಹಾಗಿರುವ ಈ ಉಪಕರಣವೇ ಗರ್ಭಕೋಶದ ಬಾಯಿ ಕಾಣುವಷ್ಟು ಜಾಗ ಮಾಡಿಕೊಡುವುದು. ಅದನ್ನು ತಿರುಗಿಸಿ ನೋಡಿ "ಇಷ್ಟು ದೊಡ್ಡದಾ?" ಎಂದು ಗಾಬರಿಯಾದರು. ಪಕ್ಕದಲ್ಲಿದ್ದ ಸಣ್ಣ ಅಳತೆಯದನ್ನು ತೋರಿಸಿ, ನಿಮಗೆ ಬಳಸುವುದು ಇದನ್ನು ಎಂದೆ. ಅಲ್ಲಿಯವರೆಗೆ ಅವರ ತಲೆಯಲ್ಲಿದ್ದುದು ಕತ್ತರಿ, ಸೂಜಿ. ಕೈಯಲ್ಲಿ ಹಿಡಿದು ನೋಡಿದ ಮೇಲೆ ಹೆದರಿಕೆ ಅರ್ಧ ಇಳಿಯಿತು.

ಮಂಡಿ ಮಡಿಸಲು ಆಗದು ಎಂದರು. ಎಡಮಗ್ಗುಲಿಗೆ ತಿರುಗಿಸಿ ಮಲಗಿಸಿದೆವು. ಹಾಗೆ ಮಲಗಿದರೂ ಪರೀಕ್ಷೆ ಮಾಡಬಹುದು, ಮುಖ ಗೋಡೆಯ ಕಡೆ ಇರುವುದರಿಂದ ಸಂಕೋಚವೂ ಕಡಿಮೆ. ದುಪ್ಪಟಿಯ ತುದಿಯನ್ನು ತಾವೇ ಹಿಡಿದುಕೊಂಡರು. ಡಾಕ್ಟರು ಪ್ರತಿಯೊಂದನ್ನೂ ಮೊದಲೇ ಹೇಳಿ ಮಾಡಿದರು: ಈಗ ಮುಟ್ಟುತ್ತೇನೆ, ಈಗ ತಣ್ಣಗೆ ಅನ್ನಿಸುತ್ತದೆ, ಸಾಕು ಅನ್ನಿಸಿದರೆ ಹೇಳಿ, ನಿಲ್ಲಿಸುತ್ತೇನೆ. ಸಣ್ಣ ಬ್ರಷ್ಷಿನಿಂದ ಮಾದರಿ ತೆಗೆದು ಉಪಕರಣ ಹೊರತೆಗೆಯಲು ಕೆಲವೇ ನಿಮಿಷ ಹಿಡಿಯಿತು. "ಮುಗೀತಾ?" ಎಂದು ತಿರುಗಿ ಕೇಳಿದರು.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಆ ಜಾಗ ಒಣಗಿ ಬಿಗಿಯಾಗುವುದರಿಂದ ಕೆಲವರಿಗೆ ಉರಿ, ನೋವು ಆಗುವುದುಂಟು. ಇದನ್ನು ಸಹಿಸಿಕೊಂಡು ಬಾಯಿ ಮುಚ್ಚಿಕೊಂಡಿರಬೇಕಿಲ್ಲ. ಸಣ್ಣ ಅಳತೆಯ ಉಪಕರಣ ಕೇಳಿ, ಬೆಚ್ಚಗಿನ ನೀರೋ ಸ್ವಲ್ಪ ಜೆಲ್ಲೋ ಸವರಲು ಹೇಳಿ. ತೀರಾ ಒಣಗಿದ್ದರೆ ಕೆಲವು ವಾರ ಹಚ್ಚಲು ಈಸ್ಟ್ರೋಜನ್ ಕ್ರೀಮ್ ಕೊಟ್ಟು, ಆಮೇಲೆ ಕರೆಸುವುದೂ ಉಂಟು. ಹೋಗುವ ಮುಂಚೆ ಮೂತ್ರಕ್ಕೆ ಹೋಗಿ ಬನ್ನಿ. ಎರಡು ದಿನ ಮೊದಲಿನಿಂದ ಆ ಜಾಗಕ್ಕೆ ಬೇರೆ ಔಷಧಿ ಹಾಕಬೇಡಿ, ಕೂಡುವಿಕೆಯೂ ಬೇಡ. ಗರ್ಭಕೋಶ ಜಾರಿದೆ, ಮೂತ್ರ ತಡೆಯಲಾಗುವುದಿಲ್ಲ ಎಂಬ ಸಂಕೋಚಕ್ಕೆ ದೂರ ಉಳಿಯುವವರೂ ಇದ್ದಾರೆ. ಅವು ನರ್ಸುಗಳಿಗೆ ದಿನಬೆಳಗಾದರೆ ಕಾಣುವ ತೊಂದರೆಗಳು, ಅವಕ್ಕೂ ಅಲ್ಲೇ ಚಿಕಿತ್ಸೆ ಕೇಳಬಹುದು.

ಊರಿನ ನರ್ಸು ನೆಂಟರೋ ಪರಿಚಯದವರೋ ಆಗಿದ್ದರೆ ಪಕ್ಕದ ಊರಿನ ಆಸ್ಪತ್ರೆಗೆ ಹೋಗಿ. ನಾನು ಮಾಡಿಸಿಕೊಂಡಿದ್ದೂ ಹಾಗೆಯೇ. ಅಷ್ಟು ವರ್ಷ ಬೇರೆಯವರನ್ನು ಆ ಮಂಚದ ಮೇಲೆ ಮಲಗಿಸಿದ ನನಗೂ ನನ್ನ ಸರದಿ ಬಂದಾಗ ನಾಚಿಕೆಯಾಯಿತು. ಗುರುತಿನವರಿಲ್ಲದ ಕಡೆ ಹೋದೆ, ಜೊತೆಗೆ ತಂಗಿಯನ್ನು ಕರೆದುಕೊಂಡು ಹೋದೆ, ಮಾಡಿಸಿಕೊಂಡು ಬಂದೆ.

ಯಾವ ವಯಸ್ಸಿಗೆ ಯಾವ ಪರೀಕ್ಷೆ

ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಹೆಂಗಸರಿಗೆ 5 ವರ್ಷಕ್ಕೊಮ್ಮೆ ಸರ್ಕಾರಿ ವ್ಯವಸ್ಥೆಯಲ್ಲಿ ತಪಾಸಣೆ ಆಗಬೇಕು. ಅಲ್ಲಿ ಹೆಚ್ಚಾಗಿ ಮಾಡುವುದು ವಿಐಎ ಎಂಬ ಪರೀಕ್ಷೆ. 3ರಿಂದ 5 ಶೇಕಡಾ ಅಸಿಟಿಕ್ ಆಮ್ಲವನ್ನು ಗರ್ಭಕೋಶದ ಬಾಯಿಗೆ ಸವರಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜಾಗ ಇದ್ದರೆ ಬೆಳ್ಳಗಾಗುತ್ತದೆ. ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ, ಖರ್ಚೂ ಇಲ್ಲ.

ಆದರೆ ಮುಟ್ಟು ನಿಂತ ಮೇಲೆ ಒಂದು ತೊಡಕಿದೆ. ರೋಗ ಹುಟ್ಟುವ ಜಾಗ ವಯಸ್ಸಾದಂತೆ ಒಳನಾಳಕ್ಕೆ ಸರಿದುಬಿಡುತ್ತದೆ, ಹೊರಗಿನಿಂದ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ 50 ದಾಟಿದವರಿಗೆ ವಿಐಎ ನೆಚ್ಚಿಕೊಳ್ಳುವಂಥದ್ದಲ್ಲ. ಅವರು ಪ್ಯಾಪ್ ಟೆಸ್ಟ್ ಅಥವಾ ಎಚ್‌ಪಿವಿ ಟೆಸ್ಟ್ ಎಲ್ಲಿ ಆಗುತ್ತದೆ ಎಂದು ಕೇಳಬೇಕು. ಪ್ಯಾಪ್‌ನಲ್ಲಿ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಎಚ್‌ಪಿವಿ ಟೆಸ್ಟಿನಲ್ಲಿ ವೈರಸ್ ಇದೆಯೇ ಎಂದು ಹುಡುಕುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಎಚ್‌ಪಿವಿ ಟೆಸ್ಟನ್ನೇ ಮೊದಲ ಆಯ್ಕೆಯಾಗಿ ಹೇಳಿದೆ. 5ರಿಂದ 10 ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು. 50 ದಾಟಿದ ಮೇಲೆ, ಸತತ ಎರಡು ಸಲ ದೋಷವಿಲ್ಲ ಎಂದು ಬಂದಿದ್ದರೆ ನಿಲ್ಲಿಸಬಹುದು. ಒಮ್ಮೆಯೂ ಮಾಡಿಸದ 50ರಿಂದ 65ರ ಹೆಂಗಸರನ್ನು ಮುತುವರ್ಜಿಯಿಂದ ಕರೆಯಬೇಕು ಎಂದೂ ಅದೇ ಸಂಸ್ಥೆ ಹೇಳುತ್ತದೆ. ನಾಚಿಕೆಯವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಎಚ್‌ಪಿವಿ ಟೆಸ್ಟಿಗೆ ಬೇಕಾದ ಮಾದರಿಯನ್ನು ಬಾಗಿಲು ಹಾಕಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ತಾವೇ ತೆಗೆದುಕೊಡಬಹುದು. ಸ್ಪೆಕ್ಯುಲಮ್ ಬೇಡ, ಯಾರೂ ನೋಡುವುದಿಲ್ಲ. ಎಲ್ಲ ಕಡೆ ಇನ್ನೂ ಬಂದಿಲ್ಲ, ಆದರೆ ಕೇಳಿ. ಕೇಳುವವರು ಹೆಚ್ಚಿದಷ್ಟೂ ಬೇಗ ಬರುತ್ತದೆ.

ಎಚ್‌ಪಿವಿ ಟೆಸ್ಟಿನ ಫಲ ನಮ್ಮ ನೆರೆಯಲ್ಲೇ ಸಾಬೀತಾಗಿದೆ. ಕಲಬುರಗಿ, ಬೀದರ್ ಗಡಿಗೆ ಹೊಂದಿಕೊಂಡ ಮಹಾರಾಷ್ಟ್ರದ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲಿ 1.3 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ ದೊಡ್ಡ ಅಧ್ಯಯನ ನಡೆಯಿತು. ಒಂದೇ ಒಂದು ಸಲ ಎಚ್‌ಪಿವಿ ಟೆಸ್ಟ್ ಮಾಡಿ, ದೋಷ ಕಂಡವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು ಎಂದು 2009ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಒಪ್ಪಿದವರು ಹೊಲಗದ್ದೆಗಳಲ್ಲಿ ದುಡಿಯುವ, ನಮ್ಮಷ್ಟೇ ಸಂಕೋಚದ ಹೆಂಗಸರು.

ದೋಷ ಕಂಡರೆ

ವರದಿಯಲ್ಲಿ ದೋಷ ಕಂಡಿತೆಂದರೆ ಕ್ಯಾನ್ಸರ್ ಬಂತೆಂದು ಅರ್ಥವಲ್ಲ. ಕಾಲ್ಪೊಸ್ಕೋಪ್ ಎಂಬ ಉಪಕರಣದಿಂದ ದೊಡ್ಡದು ಮಾಡಿ ನೋಡುತ್ತಾರೆ, ಬೇಕಾದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕ್ಯಾನ್ಸರಿಗೆ ಮುಂಚಿನ ಹಂತವಾದರೆ ಕೆಟ್ಟ ಪದರವನ್ನಷ್ಟೇ ತೆಗೆಯುತ್ತಾರೆ. ಅರಸೀಕೆರೆ ಕಡೆಯ ಆ ತಾಯಿಗೂ ಹಾಗೇ ಆಯಿತು. ದೊಡ್ಡಾಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿ ಅದೇ ದಿನ ಮನೆಗೆ ಹೋದರು. ಮುಂದಿನ ತಪಾಸಣೆಗೆ ಬಂದಾಗ ವಾರಗಿತ್ತಿಯನ್ನೂ ಕರೆತಂದಿದ್ದರು.

ತಡಮಾಡಿದವರನ್ನೂ ನೋಡಿದ್ದೇನೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೂ ಸೊಸೆಗೆ ತಿಳಿಯಬಾರದೆಂದು ಕತ್ತಲಲ್ಲಿ ಬಟ್ಟೆ ಒಗೆದು ಹಾಕಿದವರು, ವಾಸನೆಯ ಬಿಳಿಸೆರಗಿಗೆ ಮನೆಮದ್ದು ಮಾಡಿಕೊಂಡು ಕೂತವರು. ಅವರಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ವಾರಗಟ್ಟಲೆ ರೇಡಿಯೇಷನ್, ಮೇಲೆ ಕೀಮೋ ಬೇಕಾಯಿತು. ಎಲ್ಲರೂ ಉಳಿಯಲಿಲ್ಲ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ, ಕೂಡಿದ ಮೇಲೆ ರಕ್ತ ಹೋದರೂ, ವಾಸನೆಯ ಸ್ರಾವವಿದ್ದರೂ ಕ್ಯಾಂಪಿಗೆ ಕಾಯಬೇಡಿ. ವಯಸ್ಸು ಎಪ್ಪತ್ತಾಗಿದ್ದರೂ ಕೂಡಲೇ ಡಾಕ್ಟರಿಗೆ ತೋರಿಸಿ. ಬಿಪಿಎಲ್ ಕುಟುಂಬದವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ನೆರವಿದೆ.

ಮನೆಯವರು, ಆಸ್ಪತ್ರೆಯವರು

ಹೆಣ್ಣುಮಕ್ಕಳೇ, ಸೊಸೆಯರೇ, ನೀವು ಮಾಡಿಸಿಕೊಳ್ಳಲು ಹೋಗುವ ದಿನ ಅಮ್ಮನನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಿ. "ನೀವೂ ಬನ್ನಿ, ಇಬ್ಬರೂ ಮಾಡಿಸಿಕೊಳ್ಳೋಣ" ಎಂದರೆ ಹೆಚ್ಚಿನವರು ಬರುತ್ತಾರೆ. ಗಂಡುಮಕ್ಕಳಿಗೆ ಇದರ ಬಗ್ಗೆ ತಾಯಿಯ ಹತ್ತಿರ ಮಾತಾಡಲು ಬಾಯಿ ಬಾರದು ನಿಜ. ಅಕ್ಕತಂಗಿಯರಿಗೆ ಹೇಳಿ ಕಳಿಸಿ, ಗಾಡಿ ಮಾಡಿಕೊಡಿ, ಅಷ್ಟು ಸಾಕು.

ನನ್ನ ವೃತ್ತಿಯ ತಂಗಿಯರಿಗೆ ನನ್ನ ಕೋರಿಕೆ: ಹೆಸರನ್ನು ಕಾರಿಡಾರಿನಲ್ಲಿ ಕೂಗಬೇಡಿ. ಪರದೆ ಎಳೆಯಿರಿ, ಚಿಲಕ ಹಾಕಿ, ದುಪ್ಪಟಿ ಕೊಡಿ. "ಇಷ್ಟು ಮಕ್ಕಳನ್ನ ಹೆತ್ತೋರಿಗೆ ಏನು ನಾಚಿಕೆ" ಎಂಬ ಮಾತನ್ನು ಯಾರ ಎದುರೂ ಆಡಬೇಡಿ. ಆ ಒಂದು ಮಾತಿಗೆ ಎದ್ದು ಹೋದ ಹೆಂಗಸು ಮತ್ತೆ ಬರುವುದಿಲ್ಲ, ಬರಬೇಕೆಂದಿದ್ದ ಅವಳ ಓರಗೆಯವರನ್ನೂ ತಡೆಯುತ್ತಾಳೆ.

ಇನ್ನು ನನ್ನ ವಯಸ್ಸಿನವರಿಗೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಈ ವಾರವೇ ಮನೆಗೆ ಕರೆಯಿರಿ. ಮೂರು ಪ್ರಶ್ನೆ ಕೇಳಿ: ಪ್ಯಾಪ್ ಅಥವಾ ಎಚ್‌ಪಿವಿ ಟೆಸ್ಟ್ ಎಲ್ಲಿ ಮಾಡುತ್ತಾರೆ, ಲೇಡಿ ಡಾಕ್ಟರು ಯಾವ ದಿನ ಇರುತ್ತಾರೆ, ಮಾದರಿಯನ್ನು ನಾನೇ ತೆಗೆದುಕೊಡಬಹುದೇ. ಉತ್ತರ ಸಿಕ್ಕ ಮೇಲೆ ಜೊತೆಗಾತಿಯೊಬ್ಬಳನ್ನು ಸೇರಿಸಿಕೊಂಡು ಹೊರಡಿ.